ಹಾಲು ಕೊಟ್ಟ ಮನೆ

ಹಾಸಿಗೆಯ ದುಪ್ಪಟಿ ಮಡಚುವಾಗ ಅವರು ಅದರ ನಡುಭಾಗವನ್ನು ಗದ್ದದಿಂದ ಎದೆಗೆ ಒತ್ತಿ ಹಿಡಿದು, ಎರಡೂ ತೋಳುಗಳನ್ನು ಗರುಡನ ರೆಕ್ಕೆಯಂತೆ ಚಾಚುತ್ತಿದ್ದರು. ಗದ್ದ ಎದೆಗೆ ಅಂಟಿಕೊಂಡ ಮೇಲೆ ಮಾತು ನಿಲ್ಲಬೇಕು ತಾನೆ? ನಿಲ್ಲುತ್ತಿರಲಿಲ್ಲ. ಹಲ್ಲಿನ ಸಂದಿಯಿಂದ ಕತೆ ಹೊರಗೆ ಬರುತ್ತಲೇ ಇತ್ತು. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ವಿಮಾನದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. “ಉಗುರು ನನಗಿಂತ ಹನ್ನೊಂದು ವರ್ಷ ಮೊದಲೇ ನಿವೃತ್ತಿಯಾಯಿತು” ಎಂದು ಆ ಬೆರಳನ್ನು ಎತ್ತಿ ತೋರಿಸುತ್ತಿದ್ದರು, ಯಾರೂ ಕೇಳದಿದ್ದರೂ.

ಲಿಂಕೋಪಿಂಗ್‌ನಲ್ಲಿ ನಾವಿದ್ದ ಹಳದಿ ಇಟ್ಟಿಗೆಯ ಕಟ್ಟಡದಲ್ಲಿ ನಾವು ಎರಡನೆಯ ಮಹಡಿ, ಅವರು ನಮ್ಮ ಕೆಳಗೆ. ಹುಟ್ಟಿದ್ದು ಐರ್ಲೆಂಡಿನ ಹಳ್ಳಿಯೊಂದರಲ್ಲಿ. ಇಪ್ಪತ್ತೆರಡಕ್ಕೆ ಸ್ವೀಡನ್ನಿಗೆ ಬಂದು, ಅಲ್ಲಿಯವಳನ್ನೇ ಮದುವೆಯಾಗಿ, ಅವಳನ್ನು ಅಲ್ಲಿಯೇ ಮಣ್ಣು ಮಾಡಿದವರು. ಮಕ್ಕಳಿರಲಿಲ್ಲ. ನನ್ನ ಮಗಳು ಮೊದಲ ವಾರವೇ ಅವರನ್ನು ‘ಅಜ್ಜ’ ಎಂದಳು. ಹಾಗಾಗಿ ನಮ್ಮ ಮನೆಯಲ್ಲಿ ಅವರು ಕೆಳಮನೆಯ ಅಜ್ಜ.

ನಾನು ಎಂಥವನೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೆಳಿಗ್ಗೆ ಎದ್ದಾಗ ಚಿಂತಿಸಲು ಏನೂ ಇಲ್ಲದಿದ್ದರೆ, ಏನನ್ನೋ ಮರೆತಿದ್ದೇನೆ ಎಂದು ಚಿಂತಿಸುವ ಮನುಷ್ಯ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ಕೆಲಸವಾದ್ದರಿಂದ ಈ ರೋಗಕ್ಕೆ ಸಂಬಳವೂ ಸಿಗುತ್ತಿತ್ತು. ಎರಡು ಸಾವಿರದ ನಾಲ್ಕರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಹೆಂಡತಿ ಮಗಳ ಜೊತೆ ಆ ಊರಿಗೆ ಬಂದಾಗ ನನಗೆ ಚಳಿಗಿಂತ, ಭಾಷೆಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ನೆಲಮಾಳಿಗೆಯ ತ್ವೆತ್‌ಸ್ತೂಗಾ, ಅಂದರೆ ಇಡೀ ಕಟ್ಟಡಕ್ಕೆ ಒಂದೇ ಆದ ಬಟ್ಟೆ ಒಗೆಯುವ ಕೋಣೆ. ಗೋಡೆಯ ಮೇಲೊಂದು ಹಲಗೆ, ಅದರಲ್ಲಿ ದಿನಕ್ಕೆ ನಾಲ್ಕು ರಂಧ್ರ. ನಮ್ಮ ಮನೆಯ ಸಂಖ್ಯೆ ಕೊರೆದ ಪುಟ್ಟ ಬೀಗವನ್ನು ಬೇಕಾದ ರಂಧ್ರಕ್ಕೆ ಸಿಕ್ಕಿಸಿದರೆ ಆ ಹೊತ್ತು ನಮ್ಮದು. ಹೊತ್ತು ಮೀರಿದರೆ ಯಾರೂ ಬಾಯಿ ಬಿಟ್ಟು ಬೈಯುವುದಿಲ್ಲ, ಚೀಟಿ ಅಂಟಿಸುತ್ತಾರೆ. ನಾನು ಮೊದಲು ಕಲಿತ ಸ್ವೀಡಿಷ್ ವಾಕ್ಯವೇ ಒಂದು ಚೀಟಿಯದು: ‘ನೂಲಿನ ಕಸ ತೆಗೆಯಿರಿ, ನಿಮ್ಮ ತಾಯಿ ಇಲ್ಲಿ ಕೆಲಸಕ್ಕಿಲ್ಲ.’

ಒಂದು ಗುರುವಾರ ಸಂಜೆ ನಾನು ಏಳು ನಿಮಿಷ ತಡವಾಗಿ ಓಡಿ ಇಳಿದೆ. ಮುಂದಿನ ಸರದಿ ಕೆಳಮನೆಯ ಅಜ್ಜನದು. ನಮ್ಮ ಬಟ್ಟೆಯನ್ನೆಲ್ಲ ಅವರು ಮೇಜಿನ ಮೇಲೆ ಮಡಚಿಟ್ಟಿದ್ದರು, ನನ್ನ ಲುಂಗಿಯನ್ನು ಮೇಜುಬಟ್ಟೆಯಂತೆ ಚೌಕಾಕಾರವಾಗಿ. ಈಗ ಕೈಯಲ್ಲಿದ್ದದ್ದು ನನ್ನ ಅವ್ವ ಕಳಿಸಿದ್ದ, ನನ್ನಾಕೆಯ ಇಳಕಲ್ ಸೀರೆ. ಒಂದು ತುದಿ ಗದ್ದದ ಕೆಳಗೆ, ಉಳಿದದ್ದು ನೆಲದ ಮೇಲೆ.

“ಇದು ಯಾವ ಕಿಟಕಿಯ ಪರದೆ?” ಎಂದರು ಇಂಗ್ಲಿಷಿನಲ್ಲಿ.

“ಪರದೆ ಅಲ್ಲ, ನನ್ನ ಹೆಂಡತಿ ಉಡುವ ಬಟ್ಟೆ.”

“ಎಷ್ಟು ಹೆಂಡತಿಯರು?”

ಒಬ್ಬಳೇ ಎಂದು ಸ್ಪಷ್ಟಪಡಿಸಿದೆ. ಇಂಥ ಮಾತು ಯಾವ ಕಚೇರಿಗಾದರೂ ತಲುಪಿ ನನ್ನ ವರ್ಕ್ ಪರ್ಮಿಟ್‌ಗೆ ಕುತ್ತು ಬಂದೀತೆಂದು ಆಗಲೇ ಲೆಕ್ಕ ಹಾಕತೊಡಗಿದ್ದೆ. ನಾನೊಂದು ತುದಿ ಹಿಡಿದೆ, ಅವರೊಂದು ತುದಿ ಹಿಡಿದು ಹಿಂದೆ ಸರಿಯುತ್ತ ಹೋದರು. ಕೋಣೆ ಮುಗಿಯಿತು, ಸೀರೆ ಮುಗಿಯಲಿಲ್ಲ. ಬಾಗಿಲು ದಾಟಿ ಮೊಗಸಾಲೆಗೆ ಹೋಗಿ ಅಲ್ಲಿಂದ ಕೂಗಿದರು: “ಹುಡುಗಾ, ಇನ್ನು ಸ್ವಲ್ಪ ಹೋದರೆ ನಾನು ನಾರ್ವೆ ತಲುಪುತ್ತೇನೆ!”

ನನ್ನನ್ನು ಕೊನೆಯವರೆಗೂ ‘ಹುಡುಗಾ’ ಎಂದೇ ಕರೆದರು. ನಲವತ್ತು ದಾಟಿದ ಮೇಲೆ ಹಾಗೆ ಕರೆಯುವವರು ಸಿಕ್ಕುವುದು ಕಷ್ಟ. ನಾನು ತಿದ್ದಲಿಲ್ಲ.

ಅಂದಿನಿಂದ ಗುರುವಾರಗಳು ಹೊಂದಿಕೊಂಡವು. ನನ್ನ ಸರದಿ ಮುಗಿಯುವ ಹೊತ್ತಿಗೆ ಅವರು ಇಳಿಯುತ್ತಿದ್ದರು, ಅವರ ಮೊದಲ ತೊಳೆತ ಮುಗಿಯುವ ತನಕ ನಾನು ಹತ್ತುತ್ತಿರಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ದಾಲ್ಚಿನ್ನಿ ಬನ್ನು. ಆ ದೇಶದವರು ಫೀಕಾ ಎಂದು ಕರೆಯುವ ಪವಿತ್ರ ಕರ್ಮವನ್ನು ನಾವು ಸೋಪಿನ ವಾಸನೆಯ ನಡುವೆ ಆಚರಿಸುತ್ತಿದ್ದೆವು. ನನ್ನ ಚಿಂತೆಗಳನ್ನೆಲ್ಲ ಅವರು ಗಂಭೀರವಾಗಿ ಕೇಳಿ, ಒಂದೊಂದಕ್ಕೂ ತೀರ್ಪು ಕೊಡುತ್ತಿದ್ದರು. “ಇದು ನಾಳೆಯ ಚಿಂತೆ, ನಾಳೆ ತಾ.” “ಇದು ನಿನ್ನದಲ್ಲ, ನಿನ್ನ ಮ್ಯಾನೇಜರನದು. ಕದ್ದ ಮಾಲು, ಹಿಂದಿರುಗಿಸು.” ಅವರ ಉಚ್ಚಾರ ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ನನಗಾಗಿ ಅದನ್ನು ತಿಳಿ ಮಾಡುತ್ತಿದ್ದರು. ನಾನೂ ಬೆಂಗಳೂರಿನವರ ನಡುವೆ ನನ್ನ ಧಾರವಾಡದ ಕಡೆಯ ಮಾತನ್ನು ಹಾಗೆಯೇ ತಿಳಿ ಮಾಡುತ್ತೇನಲ್ಲ.

ಒಮ್ಮೆ ಕೇಳಿದರು: “ನಿಮ್ಮನ್ನೂ ಅದೇ ಇಂಗ್ಲಿಷರೇ ಆಳಿದ್ದಲ್ಲವೆ? ನಿಮ್ಮ ಕಡೆ ದಂಗೆ ಏಳಲಿಲ್ಲವೆ?”

ಎದ್ದಿದ್ದೆವು, ಸೋತಿದ್ದೆವು ಎಂದೆ. ನಮ್ಮ ಕಡೆ ಸೋತವನ ಮೇಲೆ ಲಾವಣಿ ಕಟ್ಟಿ ಹಾಡುತ್ತಾರೆ, ಅವನ ಕತೆ ಕೇಳುತ್ತಲೇ ನಾನು ಬೆಳೆದೆ ಎಂದೆ. ಅವರಿಗೆ ಅದೆಷ್ಟು ಹಿತವಾಯಿತೆಂದರೆ ಎದ್ದು ನಿಂತು ಕೈ ಕುಲುಕಿದರು. “ಗೆದ್ದವರಿಗೆ ಪುಸ್ತಕ ಸಿಗುತ್ತದೆ. ಸೋತವರಿಗೆ ಒಲೆಯ ಮುಂದಿನ ಜಾಗ. ಒಲೆಯ ಮುಂದೆ ಬೆಚ್ಚಗಿರುತ್ತದೆ, ಹುಡುಗಾ.”

ಆ ಸಂಜೆಯೇ ನನಗೆ ಕಮ್ಮಾರನ ಕತೆ ಮೊದಲ ಸಲ ಸಿಕ್ಕಿದ್ದು.

ಇನ್ನೂರು ವರ್ಷಗಳ ಹಿಂದೆ ಅವರ ಸೀಮೆಯ ರೈತರು ರಾಜನ ಸೈನ್ಯದ ಮೇಲೆ ಎದ್ದರು. ಬಂದೂಕಿರಲಿಲ್ಲ. ಉದ್ದ ಹಿಡಿಯ ಭರ್ಜಿಗಳಿದ್ದವು, ಅವನ್ನು ಹಗಲೂ ರಾತ್ರಿ ಕಾಯಿಸಿ ಬಡಿದವನು ಅವರೂರಿನ ಕಮ್ಮಾರ. ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಿತು. ಒಂದು ಗುಡ್ಡದ ಮೇಲೆ ತೋಪುಗಳ ಮುಂದೆ ಭರ್ಜಿ ಸೋತಿತು. ಕಮ್ಮಾರ ತಪ್ಪಿಸಿಕೊಂಡು ಓಡಿದ. ಅಲ್ಲಿಂದ ಊರ ಜನರ ಬಾಯಿ ಅವನನ್ನು ಎತ್ತಿಕೊಂಡಿತು. ಕುದುರೆಗೆ ಹಿಂದುಮುಂದಾಗಿ ಲಾಳ ಹೊಡೆದ, ಸೈನಿಕರು ಅವನು ಬಂದ ದಾರಿಯಲ್ಲೇ ಅವನನ್ನು ಹುಡುಕುತ್ತ ಹೋದರು. ಹೆಣದ ಪೆಟ್ಟಿಗೆಯಲ್ಲಿ ಮಲಗಿದ, ಸುತ್ತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾಗ ಒಳಗಿನಿಂದ ಚುಟ್ಟದ ಹೊಗೆ ಬಂತು, ಒಬ್ಬಳು ಮುದುಕಿ ‘ಪಾಪಿಷ್ಠ, ಆಗಲೇ ನರಕ ತಲುಪಿದ’ ಎಂದು ಕೂಗಿ ಉಳಿಸಿದಳು. ಅವನಿಲ್ಲದ ಕುಲುಮೆಯಲ್ಲಿ ಸೈನಿಕರು ಹತ್ತಿರ ಬಂದಾಗಲೆಲ್ಲ ಕಬ್ಬಿಣ ಬಡಿಯುವ ಅಡಿಗಲ್ಲು ತಾನಾಗಿ ಠಣ್ ಎನ್ನುತ್ತಿತ್ತು.

“ಹಿಂದುಮುಂದಾಗಿ ಲಾಳ ಹೊಡೆದರೆ ಕುದುರೆ ನಡೆಯುವುದು ಹೇಗೆ?” ಎಂದು ನಾನು ಕೇಳಿದೆ. ಉದ್ಯೋಗದ ಚಟ.

“ನಿಮ್ಮ ಕಡೆಯ ಕೋತಿ ಸಮುದ್ರ ಹಾರಿತು ಅಂದೆಯಲ್ಲ, ನಾನು ಏನಾದರೂ ಕೇಳಿದೆನಾ?”

ಎರಡು ಚಳಿಗಾಲದಲ್ಲಿ ಆ ಕತೆಯನ್ನು ಹತ್ತಾರು ಸಲ ಕೇಳಿದೆ. ಪ್ರತಿ ಸಲವೂ ಅದು ಒಂದು ತೊಳೆತದಷ್ಟೇ ಉದ್ದ. ಯಂತ್ರ ಕೊನೆಯ ಸುತ್ತಿಗೆ ಗುಡುಗತೊಡಗಿದಾಗ ಸೈನಿಕರ ಕುದುರೆಗಳು ಊರೊಳಗೆ ಬರುತ್ತಿದ್ದವು. ಕಮ್ಮಾರ ಮೂರು ದಿನ ಅಡಗಿದ್ದನೆಂದು ಅವರೇ ಹೇಳಿದ್ದರು. ನಾನು ಲೆಕ್ಕ ಹಾಕಿದರೆ ಬೇರೆ ಬೇರೆ ಗುರುವಾರಗಳ ಅಡಗುತಾಣ ಸೇರಿ ಒಂಬತ್ತು ರಾತ್ರಿಗಳಾದವು. ಹೇಳಿದೆ. “ಅದಕ್ಕೇ ಅವನು ಸಿಗಲಿಲ್ಲ” ಎಂದರು.

ಕೊನೆ ಮಾತ್ರ ಹೀಗಿರುತ್ತಿತ್ತು: “ಒಂದು ಮನೆಯಲ್ಲಿ ಬಿಸಿ ಹಾಲು ಕುಡಿದು ಮಲಗಿದ. ಯಾರೋ ಹೇಳಿದರು. ಬೆಳಿಗ್ಗೆ ಸೈನಿಕರು ಬಾಗಿಲಲ್ಲಿದ್ದರು.” ಅವನ ಕುಲುಮೆಯ ತೊಲೆಗೇ ಅವನನ್ನು ನೇಣು ಹಾಕಿದರು.

“ಯಾರು ಹೇಳಿದ್ದು?”

“ನಿನ್ನ ಬಟ್ಟೆ ತಣ್ಣಗಾಗುತ್ತಿದೆ, ಹುಡುಗಾ.”

ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು ನಾನು. ಕತೆಯಲ್ಲಿ ಉಳಿದದ್ದೆಲ್ಲ ವಾರ ವಾರಕ್ಕೆ ಬದಲಾಗುತ್ತದೆ, ಈ ಮೂರು ವಾಕ್ಯಗಳಲ್ಲಿ ಒಂದಕ್ಷರ ಬದಲಾಗುವುದಿಲ್ಲ ಎಂಬುದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಎರಡು ಸಾವಿರದ ಆರರ ನವೆಂಬರಿನಲ್ಲಿ ಲಿಂಕೋಪಿಂಗ್‌ನ ಹದಿನೈದು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡಿದೆವು. ಬಡಾವಣೆಯ ಸಭಾಂಗಣ, ಕೆಂಪು ಹಳದಿ ಬಟ್ಟೆ, ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್, ಕೆಲಸ ಮಾಡದ ಪ್ರೊಜೆಕ್ಟರ್. ಮಕ್ಕಳಿಗೆ ಕತೆ ಹೇಳಿಸೋಣ ಎಂದು ನಾನೇ ಕೆಳಮನೆಯ ಅಜ್ಜನ ಹೆಸರು ಸೂಚಿಸಿದೆ. ನಮ್ಮ ಕಾರ್ಯದರ್ಶಿ ಬಸವನಗುಡಿಯ ಹೆಣ್ಣುಮಗಳು, ನಿಯಮದಲ್ಲಿ ಕಠಿಣ.

“ಅವ್ರು ಏನ್ ಭಾಷೇಲಿ ಬೇಕಾದ್ರೂ ಹೇಳ್ಲಿ ಸರ್. ಆದ್ರೆ ಮೈಕಲ್ಲಿ ಕನ್ನಡ ಬರ್ಲೇಬೇಕು. ಇವತ್ತೊಂದು ದಿನಾನಾದ್ರೂ!”

ಏರ್ಪಾಡು ಹೀಗಾಯಿತು. ಮಕ್ಕಳಿಗೆ ತಿಳಿಯಲೆಂದು ಅಜ್ಜ ಸ್ವೀಡಿಷಿನಲ್ಲಿ ಹೇಳುವುದು, ದೊಡ್ಡವರಲ್ಲಿ ಬಹುತೇಕರಿಗೆ ಸ್ವೀಡಿಷ್ ಬಾರದಾದ್ದರಿಂದ ನಾನು ಮೈಕಿನಲ್ಲಿ ಕನ್ನಡ ಮಾಡುವುದು. ನನ್ನ ಸ್ವೀಡಿಷ್ ಒಗೆಯುವ ಕೋಣೆಯ ಚೀಟಿಗಳ ಮಟ್ಟದ್ದು, ಆದರೆ ಈ ಕತೆ ನನಗೆ ಬಾಯಿಪಾಠ. ಅವರ ಬಾಯಿಯ ಆಕಾರ ನೋಡಿದರೆ ಸಾಕಿತ್ತು.

ನನ್ನ ಬದುಕಿನಲ್ಲಿ ಮೊದಲ ಸಲ ನಾನು ಚಿಂತಿಸದೆ ಮಾಡಿದ ಕೆಲಸ ಅದು. ಅದೇ ತಪ್ಪಾಯಿತು.

ಹೆಣದ ಪೆಟ್ಟಿಗೆಯ ಹೊಗೆಗೆ ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ನನ್ನ ತಲೆಗೇರಿತು. ಎಷ್ಟೋ ವರ್ಷಗಳಿಂದ ಅದುಮಿಟ್ಟಿದ್ದ ಊರ ಮಾತು ನಾಲಿಗೆಗೆ ಬಂತು. ನಮ್ಮ ಕಡೆ ಲಾವಣಿಯವರು ಹಿಡಿದುಕೊಟ್ಟವನಿಗೆ ಶಾಪ ಹಾಕದೆ ಡಪ್ಪು ಕೆಳಗಿಡುವುದಿಲ್ಲ. ಹಾಗಿಟ್ಟರೆ ಕೇಳುಗರು ಏಳುವುದೂ ಇಲ್ಲ. ಅಜ್ಜ “ಯಾರೋ ಹೇಳಿದರು” ಎಂದಾಗ ನಾನು ಮೈಕನ್ನು ಬಾಯಿಗೆ ಒತ್ತಿಕೊಂಡೆ.

“ಯಾರು ಹೇಳಿದ್ರು ಅಂತೀರಿ? ಹಾಲ ಕೊಟ್ಟ ಹೆಣಮಗಳ ಹೇಳಿದ್ಳ್ರಿ! ಕುಡಿಸಿದ ಕೈಲೇನ ಹಿಡಿಸಿಕೊಟ್ಲು! ಆ ಮನೀ ಒಲಿ ಮತ್ತ ಹತ್ತಲಿಲ್ಲ. ಆ ಮನ್ಯಾಗ ತೊಟ್ಲಾ ಮತ್ತ ತೂಗಲಿಲ್ಲ. ಆ ವಂಶದ ಹೆಸರ ಹೇಳಾವ್ರು ಇವತ್ತ ಒಬ್ಬರೂ ಉಳದಿಲ್ಲ!”

ಮಂಡ್ಯದಿಂದ ಮಗಳ ಬಾಣಂತನಕ್ಕೆ ಬಂದಿದ್ದ ಹಿರಿಯಾಕೆಯೊಬ್ಬರು ಮುಂದಿನ ಸಾಲಿನಿಂದಲೇ ಕೈ ನೆಟಿಗೆ ಮುರಿದರು. “ಹಾಲ್ ಕೊಟ್ಟು ಹಿಡ್ಕೊಟ್ಳಾ? ಅವ್ಳ್ ಮನೆ ಎಕ್ಕುಟ್ಟೋಗ!”

ಚಪ್ಪಾಳೆ, ಶಿಳ್ಳೆ. ಏನೂ ಅರ್ಥವಾಗದ ಅಜ್ಜ ಸಂತೋಷದಿಂದ ಟೋಪಿ ತೆಗೆದು ಬಾಗಿದರು. ಮಂಡ್ಯದ ಹಿರಿಯಾಕೆಗೆ ಇನ್ನೂ ಒಂದಿಷ್ಟು ಹೆಚ್ಚು ಬಾಗಿದರು.

ಊಟದ ಮೇಜಿನ ಬಳಿ ನನ್ನ ಮಗಳು ಅವರ ಪಕ್ಕ ಕೂತಿದ್ದಳು. ಒಂಬತ್ತು ವರ್ಷ. ಎರಡೂ ಭಾಷೆ ಪೂರ್ತಿ ಬರುತ್ತಿದ್ದದ್ದು ಆ ಸಭೆಯಲ್ಲಿ ಮಕ್ಕಳಿಗೆ ಮಾತ್ರ. ಸುಳ್ಳೆಂದರೆ ಏನೆಂದು ಅವರಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

“ಅಜ್ಜ, ಪಪ್ಪಾ ನೀವು ಹೇಳದೇ ಇರೋದನ್ನೆಲ್ಲ ಹೇಳಿದ್ರು” ಎಂದು ಅವಳು ಸ್ವೀಡಿಷಿನಲ್ಲಿ ದೂರು ಕೊಟ್ಟಳು. “ಹಾಲು ಕೊಟ್ಟ ಹೆಂಗಸೇ ಹೇಳಿದ್ದು ಅಂದ್ರು. ಆ ಮನೆಯವರು ಯಾರೂ ಈಗ ಇಲ್ಲ ಅಂದ್ರು. ಆ ಅಜ್ಜಿ ಅವಳಿಗೆ ಬೈದ್ರು.”

ಅಷ್ಟು ಸ್ವೀಡಿಷ್ ನನಗೂ ಅರ್ಥವಾಯಿತು. ನಾನು ನಗಲು ಸಿದ್ಧನಾಗಿ ಅವರ ಕಡೆ ತಿರುಗಿದೆ. ಅವರ ಚಮಚ ಬಾತಿನಲ್ಲಿ ನಿಂತಿತ್ತು.

“ಹೆಂಗಸು ಅಂತ ಅವನಿಗೆ ಯಾರು ಹೇಳಿದರು?” ಎಂದು ಮಗಳನ್ನು ಕೇಳಿದರು. ನನ್ನನ್ನಲ್ಲ.

ಆಮೇಲೆ ತಟ್ಟೆಯನ್ನು ಒತ್ತಟ್ಟಿಗಿಟ್ಟು, ಕಾರ್ಯದರ್ಶಿಗೆ ಧನ್ಯವಾದ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದರು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಸೈಕಲ್ಲಿನ ಕೆಂಪು ದೀಪ ತಿರುವಿನಲ್ಲಿತ್ತು.

ಮುಂದಿನ ಗುರುವಾರ ಹಲಗೆಯಲ್ಲಿ ಅವರ ಬೀಗ ನನ್ನ ಪಕ್ಕದ ರಂಧ್ರದಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಹೋಗಿತ್ತು. ಆ ದೇಶದಲ್ಲಿ ಇದಕ್ಕಿಂತ ದೊಡ್ಡ ಜಗಳ ಇಲ್ಲ.

ನಾನು ಚೀಟಿ ಬರೆದೆ. ಹರಿದೆ. ಏಳು ಸಲ ಬರೆದೆ. ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೇನೆಂದೇ ಗೊತ್ತಿಲ್ಲದೆ ಕ್ಷಮಾಪಣೆ ಬರೆಯುವುದು ಬಹಳ ಕಷ್ಟ. ಒಂದರಲ್ಲಿ ಭಾಷಾಂತರದ ಸಮಸ್ಯೆಗಳ ಬಗ್ಗೆ ಅರ್ಧ ಪುಟ ಇತ್ತು. ಹೆಂಡತಿ ಅದನ್ನು ಓದಿದಳು.

“ರೀ, ಸೀದಾ ಹೋಗಿ ಬೆಲ್ ಮಾಡಿ, ಸಾರಿ ಅನ್ನಿ. ಪತ್ರ ಕಳಿಸೋಕೆ ನೀವೇನು ಮುನ್ಸಿಪಾಲಿಟಿ ಆಫೀಸಾ?”

“ಬಾಗ್ಲ ತಗೀಲಿಲ್ಲಂದ್ರ?”

“ತೆಗೀದಿದ್ರೆ ಆಮೇಲೆ ಚಿಂತೆ ಮಾಡಿ. ನಿಮ್ಗೇನು, ಸ್ಟಾಕ್ ಇದ್ದೇ ಇರತ್ತೆ.”

ಬೆಲ್ ಮಾಡುವ ಧೈರ್ಯ ಬರಲಿಲ್ಲ. ಡಿಸೆಂಬರಿನ ಒಂದು ಸೋಮವಾರ ಅರ್ಧ ದಿನ ರಜೆ ಹಾಕಿ, ನೆಪಕ್ಕೆ ಬಕೆಟ್ಟಿನಲ್ಲಿ ಎರಡು ಕಾಲುಚೀಲ ಹಾಕಿಕೊಂಡು ಏಳೂಕಾಲಿಗೆ ಕೆಳಗಿಳಿದೆ. ಅವರು ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದರು. ನನ್ನ ಬಕೆಟ್ಟನ್ನು ನೋಡಿದರು.

“ಎರಡು ಕಾಲುಚೀಲಕ್ಕೆ ರಜೆ ಹಾಕಿದೆಯಾ?”

“ನಾನು ಮಾಡಿದ್ದು ತಪ್ಪು. ಏನು ತಪ್ಪು ಅಂತ ಗೊತ್ತಿಲ್ಲ. ಆದರೆ ತಪ್ಪು.”

ಯಂತ್ರದ ಬಾಗಿಲು ಮುಚ್ಚಿ ಗುಂಡಿ ಒತ್ತಿದರು. ಆಮೇಲೆ ಬೆಂಚಿನ ಮೇಲೆ ಕೂತರು.

“ಆ ಮನೆ ನಮ್ಮದು” ಎಂದರು. “ನಾನು ಹುಟ್ಟಿದ್ದು ಅಲ್ಲೇ. ವಂಶ ಉಳಿದಿಲ್ಲ ಅಂದೆಯಂತೆ. ನಿನ್ನೆದುರಿಗೇ ಕೂತಿದೆ, ನೋಡು.”

ಅಷ್ಟು ವರ್ಷಗಳಿಂದ ನಾನು ಸಂಗ್ರಹಿಸಿದ್ದ ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

ಅವರು ನಿಧಾನವಾಗಿ ಹೇಳಿದರು. ಆ ಮನೆಯಲ್ಲಿದ್ದದ್ದು ಒಬ್ಬಳು ವಿಧವೆ, ಮೂವರು ಮಕ್ಕಳು. ಸುತ್ತಲ ಹೊಲಗಳಲ್ಲಿ ಅವನನ್ನು ಹುಡುಕುತ್ತಿದ್ದಾರೆಂದು ಗೊತ್ತಿದ್ದೂ ಅವಳು ಕಮ್ಮಾರನಿಗೆ ಬಾಗಿಲು ತೆಗೆದಳು, ಹಾಲು ಕಾಯಿಸಿ ಕೊಟ್ಟು ಅಟ್ಟದಲ್ಲಿ ಮಲಗಿಸಿದಳು. ನಸುಕಿನಲ್ಲಿ ಸೈನ್ಯದ ಕ್ಯಾಪ್ಟನ್ ಬಂದು ಹುಲ್ಲಿನ ಮಾಡಿಗೆ ಪಂಜು ಹಿಡಿದು, ಮಕ್ಕಳು ಒಳಗಿರುವಾಗಲೇ ಕೇಳಿದ. ಅವಳು ಹೇಳಿದಳು.

“ಇದು ನಮ್ಮ ಮನೆಯ ಕತೆ. ಊರಿನ ಕತೆಯಲ್ಲಿ ಪಂಜು ಇಲ್ಲ. ಅವಳು ಒಂದು ಹಸುವಿನ ಆಸೆಗೆ ಹೇಳಿದಳು ಅಂತ ಊರು ಹೇಳುತ್ತದೆ. ಯಾವುದು ನಿಜ ಅಂತ ಕೇಳಬೇಡ. ಅಲ್ಲಿ ನಾನಿರಲಿಲ್ಲ.”

ಅಂದಿನಿಂದ ಆ ಮನೆಯ ಹಾಲನ್ನು ಊರವರು ಕುಡಿಯುವುದಿಲ್ಲ. ಡೈರಿಗೆ ಹಾಕಿದರೆ ಸರಿ, ಎಲ್ಲರ ಹಾಲಿನಲ್ಲಿ ಬೆರೆತು ಹೋಗುತ್ತದೆ. ಆದರೆ ಆ ಮನೆಗೆ ಬಂದವರು ಚಹಾಕ್ಕೆ ಹಾಲು ಬೇಡ ಎನ್ನುತ್ತಾರೆ. ನಗುತ್ತಲೇ ಎನ್ನುತ್ತಾರೆ, ಬೇರೆ ಏನೂ ದ್ವೇಷವಿಲ್ಲ. ಇನ್ನೂರು ವರ್ಷ ಯಾರೂ ಏಕೆ ಎಂದು ಹೇಳಿಲ್ಲ, ಯಾರೂ ಕೇಳಿಲ್ಲ. ಅವರ ತಾಯಿ ಅತಿಥಿಗಳು ಬಂದಾಗ ಹಾಲಿನ ಜಗ್ಗನ್ನು ಮೇಜಿನ ಮೇಲೆ ಇಡುತ್ತಲೇ ಇರಲಿಲ್ಲವಂತೆ. ಅವರಾಗಿ ಬೇಡ ಎನ್ನುವ ಕಷ್ಟ ಅವರಿಗೇಕೆ ಎಂದು.

“ಇಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೋಡಿದ್ದೀಯಲ್ಲ, ಗಂಡಸರು ಹೆಂಗಸರು ಎಲ್ಲ ಊಟದ ಜೊತೆ ಗ್ಲಾಸುಗಟ್ಟಲೆ ಹಾಲು ಕುಡಿಯುತ್ತಾರೆ, ಕರುಗಳ ಹಾಗೆ. ನಾನು ಬಂದ ಮೊದಲ ವಾರ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು ‘ನನಗೂ ಒಂದು ಗ್ಲಾಸ್ ಹಾಕಿಕೊಡಿ’ ಅಂದಳು. ಹಾಕಿದೆ. ನನ್ನ ಕೈಯಿಂದ ತೆಗೆದುಕೊಂಡು ನಿಂತಲ್ಲೇ ಕುಡಿದು ತುಟಿ ಒರೆಸಿಕೊಂಡಳು.” ಸ್ವಲ್ಪ ಹೊತ್ತು ಯಂತ್ರದ ಗಾಜಿನಲ್ಲಿ ಸುತ್ತುವ ಬಟ್ಟೆ ನೋಡಿದರು. “ಅವಳನ್ನು ಬಿಟ್ಟು ಇನ್ಯಾರನ್ನು ಮದುವೆಯಾಗಲಿ, ಹೇಳು?”

“ಅವರಿಗೆ ಇದು ಗೊತ್ತಿತ್ತೆ?”

“ಇಲ್ಲ. ಹೇಳಿದರೆ ಅವಳೂ ಒಂದು ದಿನ ಬೇಡ ಅಂದಾಳು ಅಂತ ಭಯ. ಮೂವತ್ತಾರು ವರ್ಷ ಹೇಳಲಿಲ್ಲ. ಕತೆ ಹೇಳಿದೆ, ಆ ವಾಕ್ಯ ಬಂದಾಗ ‘ಯಾರೋ’ ಅಂದೆ.”

ಮಾತು ತೋಚದಾಗ ನಾನು ನಿಜ ಹೇಳಿಬಿಡುತ್ತೇನೆ, ಇದು ಹಳೆಯ ದೌರ್ಬಲ್ಯ. “ನೋಡಿ, ಆ ಜಾಗದಲ್ಲಿ ನಾನಿದ್ದಿದ್ದರೆ ಕ್ಯಾಪ್ಟನ್ ಕುದುರೆಯಿಂದ ಇಳಿಯುವ ಮೊದಲೇ ಹೇಳಿಬಿಡುತ್ತಿದ್ದೆ. ಪಂಜು ಹಚ್ಚುವ ತೊಂದರೆಯನ್ನೂ ಅವನಿಗೆ ಕೊಡುತ್ತಿರಲಿಲ್ಲ. ಅದಕ್ಕೂ ಮುಂಚಿನ ಮಾತೆಂದರೆ, ನಾನು ಕಮ್ಮಾರನಿಗೆ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಅವಳು ತೆಗೆದಳಲ್ಲ.”

ಅವರು ನನ್ನನ್ನು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಒಗೆಯಲು ತಂದಿದ್ದ ಕೈವಸ್ತ್ರದಲ್ಲೇ ಮುಖ ಒರೆಸಿಕೊಂಡರು.

“ಬಾಗಿಲು ತೆಗೆದಳು” ಎಂದರು. “ಅದನ್ನು ನಮ್ಮ ಮನೆಯಲ್ಲಿ ಕೂಡ ಯಾರೂ ಹೇಳಿಲ್ಲ.”

ಯಂತ್ರ ನಿಂತ ಮೇಲೆ ದುಪ್ಪಟಿಯ ಒಂದು ತುದಿಯನ್ನು ನನಗೆ ಕೊಟ್ಟರು. ಮಡಚುತ್ತ, ಗದ್ದ ಎದೆಗೊತ್ತಿಕೊಂಡೇ ಹೇಳಿದರು: “ಮುಂದೆ ಈ ಕತೆ ಹೇಳಿದರೆ ನಮ್ಮ ಮನೆಯನ್ನು ಬಿಡಬೇಡ. ಶಾಪ ಬೇಡ. ಲಾಯರಿನ ಹಾಗೆ ವಾದಿಸುವುದೂ ಬೇಡ. ಆಕೆ ಬಾಗಿಲು ತೆಗೆದಳು, ಆಕೆ ಹೇಳಿದಳು. ಎರಡೂ ಇರಲಿ.”

“ಯಾರಿಗೆ ಹೇಳಲಿ?”

“ನಾಲ್ಕು ಜನ ಸೇರಿದ ಕಡೆ. ನನ್ನ ಬಾಯಿಗೆ ‘ಯಾರೋ’ ಅಂಟಿಹೋಗಿದೆ. ನಿನ್ನ ಬಾಯಿ ಹೇಗೂ ನಿನ್ನ ಮಾತು ಕೇಳುವುದಿಲ್ಲವಲ್ಲ.”

ಗುರುವಾರ ಅವರ ಬೀಗ ಹಳೆಯ ರಂಧ್ರಕ್ಕೆ ಮರಳಿತು.

ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ಹೃದಯ ಕೈಕೊಟ್ಟು ಆಸ್ಪತ್ರೆ ಸೇರಿದರು, ಹತ್ತು ದಿನ ಇದ್ದರು. ನಾನು ಹಾಸಿಗೆಯ ಪಕ್ಕ ಕೂತು ಮಾನಿಟರಿನ ಗೆರೆಗಳನ್ನು ನೋಡುತ್ತಿದ್ದಾಗ, “ಹುಡುಗಾ, ಚಿಂತೆ ಮಾಡಲು ಇಲ್ಲಿ ಡಾಕ್ಟರಿಗೆ ಸಂಬಳ ಕೊಡುತ್ತಾರೆ. ನೀನು ಬನ್ನು ತಿನ್ನು” ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಇದೇ.

ಆ ದೇಶದಲ್ಲಿ ಅಂತ್ಯಕ್ರಿಯೆಗೆ ವಾರಗಟ್ಟಲೆ ಕಾಯುತ್ತಾರೆ. ಅಕ್ಟೋಬರಿನ ಕೊನೆಗೆ ಚಾಪೆಲ್ಲಿನಲ್ಲಿ ಪ್ರಾರ್ಥನೆಯಾಗಿ, ಪಕ್ಕದ ಕೋಣೆಯಲ್ಲಿ ಎಲ್ಲರೂ ಕಾಫಿಗೆ ಕೂತೆವು. ಇಪ್ಪತ್ತು ಜನ. ಹಳೆಯ ಸಹೋದ್ಯೋಗಿಗಳು, ಕಟ್ಟಡದವರು, ನಾವು ಮೂವರು. ಕಾಫಿಯ ನಡುವೆ ಯಾರು ಬೇಕಾದರೂ ಎದ್ದು ನಾಲ್ಕು ಮಾತಾಡುವುದು ಅಲ್ಲಿಯ ಪದ್ಧತಿ. ನನ್ನ ಕೋಟಿನ ಎಡಜೇಬಿನಲ್ಲಿ ಒಂದು ಕಾಗದ: ದುಪ್ಪಟಿ, ಸೀರೆ, ಬನ್ನು, ಎಲ್ಲರೂ ನಗುವಂಥದ್ದು. ಬಲಜೇಬಿನಲ್ಲಿ ಇನ್ನೊಂದು: ಕತೆ.

ಬಲಜೇಬಿನದ್ದನ್ನೇ ಓದುವುದೆಂದು ನಿಶ್ಚಯಿಸಿದ್ದೆ, ಅವರ ಅಣ್ಣನ ಮಗನನ್ನು ನೋಡುವ ತನಕ. ಐರ್ಲೆಂಡಿನಿಂದ ಬಂದಿದ್ದ. ಐವತ್ತರ ಆಸುಪಾಸು, ಕೆಂಪು ಕೈಗಳು, ಇಸ್ತ್ರಿಯ ಗೆರೆ ಹೋಗದ ಹೊಸ ಅಂಗಿ. ಆ ಮನೆಯಲ್ಲಿ ಈಗ ಇರುವವನು, ಆ ಹಸುಗಳ ಹಾಲು ಕರೆಯುವವನು ಅವನೇ. ನಾನು ಹೇಳಿ ಮುಗಿಸಿ ಮಹಡಿ ಹತ್ತುತ್ತೇನೆ, ಅವನು ಆ ಊರಿಗೆ ಮರಳಬೇಕು. ಸತ್ತವರಿಗೆ ಕೊಟ್ಟ ಮಾತು ಒಂದು ಕಡೆ, ಬದುಕಿರುವವನ ಮುಖ ಇನ್ನೊಂದು ಕಡೆ. ಅವನ ಪಕ್ಕ ಹೋಗಿ ಕೂತೆ.

“ನಿಮ್ಮ ಚಿಕ್ಕಪ್ಪ ನನಗೆ ಕಮ್ಮಾರನ ಕತೆ ಹೇಳುತ್ತಿದ್ದರು. ಇಲ್ಲಿ ಹೇಳಲೇ?”

“ನಮ್ಮ ಕಡೆ ಎಲ್ಲರೂ ಹೇಳುತ್ತಾರೆ” ಎಂದ, ಕಪ್ಪನ್ನು ತಿರುಗಿಸುತ್ತ.

“ಪೂರ್ತಿ ಹೇಳು ಅಂದಿದ್ದರು. ಮನೆಯನ್ನೂ ಸೇರಿಸಿ.”

ಕಪ್ಪು ನಿಂತಿತು. “ಅವನೇ ಅಂದನೇ?”

“ಅವರೇ.”

“ಹಾಗಾದರೆ ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳು.”

ಇಂಗ್ಲಿಷಿನಲ್ಲಿ ಹೇಳಿದೆ. ಕಾಗದ ತೆಗೆಯಲಿಲ್ಲ. ಹಿಂದುಮುಂದಿನ ಲಾಳಕ್ಕೆ ನಕ್ಕರು, ಪೆಟ್ಟಿಗೆಯ ಹೊಗೆಗೆ ಇನ್ನಷ್ಟು ನಕ್ಕರು. ಆ ಮನೆ ಬಂದಾಗ ಅಣ್ಣನ ಮಗನ ಕಡೆ ತಿರುಗಿದೆ. ಆಕೆ ಬಾಗಿಲು ತೆಗೆದಳು ಎಂದೆ, ಪಂಜಿನ ಬಗ್ಗೆ ಮನೆಯವರು ಹೇಳುವುದು ಇದು, ಹಸುವಿನ ಬಗ್ಗೆ ಊರು ಹೇಳುವುದು ಅದು ಎಂದೆ, ಆಕೆ ಹೇಳಿದಳು ಎಂದೆ. ನಮ್ಮ ಕೆಳಮನೆಯ ಅಜ್ಜ ಆಕೆಯ ವಂಶದವರು ಎಂದು ಹೇಳಿ ಕೂತೆ. ಸ್ವೀಡಿಷರು ಕಾಫಿಯೊಳಗೆ ನೋಡಿದರು. ಅದು ಅವರ ಮೌನದ ರೀತಿ, ಅದರಿಂದ ಏನನ್ನೂ ಊಹಿಸಲಾಗದು.

ಅಣ್ಣನ ಮಗ ಎದ್ದ. “ನಾನು ಆ ಮನೆಯಲ್ಲೇ ಇದ್ದೇನೆ” ಎಂದ. “ಆ ಕಡೆ ಬಂದರೆ ಮನೆಗೆ ಬನ್ನಿ. ಚಹಾ ಕುಡಿದು ಹೋಗಿ.”

ಕಾರ್ಖಾನೆಯ ಮುದುಕನೊಬ್ಬ ವಿಮಾನ ನಿಲ್ದಾಣದಿಂದ ಎಷ್ಟು ದೂರ, ಬಸ್ಸು ಇದೆಯೇ ಎಂದು ವಿಚಾರಿಸಿದ. ಇಂಥ ಪ್ರಶ್ನೆ ಕೇಳಿದ ಸ್ವೀಡಿಷ್ ಮನುಷ್ಯ ಖಂಡಿತ ಹೋಗುತ್ತಾನೆ. ಅವನು ಮರುವರ್ಷ ಹೋದ ಕೂಡ.

ಬಾಗಿಲಲ್ಲಿ ಕೋಟು ಹಾಕಿಕೊಳ್ಳುವಾಗ ಅಣ್ಣನ ಮಗ ನನ್ನ ತೋಳು ಹಿಡಿದು ನಿಲ್ಲಿಸಿದ.

“ಅವಳ ಹೆಸರು ಹೇಳಿದ್ದನೇ ಚಿಕ್ಕಪ್ಪ?”

“ಇಲ್ಲ.”

“ಕಮ್ಮಾರನ ಹೆಸರನ್ನು ಊರಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಇವಳದ್ದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಯಾವ ಹೆಣ್ಣುಮಗುವಿಗೂ ನಾವು ಅದನ್ನು ಇಡುವುದಿಲ್ಲ. ಕತೆ ಹೇಳುವಾಗ ನೀನಾದರೂ ಹೇಳು.” ಸುತ್ತ ನೋಡಿ, ಬಾಗಿ, ನನ್ನ ಕಿವಿಯಲ್ಲಿ ಹೇಳಿದ. ಸಣ್ಣ ಹೆಸರು. ಕನ್ನಡದ ಬಾಯಿಗೂ ಸುಲಭವಾಗಿ ಒಗ್ಗುವಂಥದ್ದು.

ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಬಾಯಿಂದ ಬಾಯಿಗೆ ಕೊಟ್ಟದ್ದು. ಆದರೆ ಆ ವರ್ಷದ ರಾಜ್ಯೋತ್ಸವದಲ್ಲಿ ಮೈಕು ಕೇಳಿ ಪಡೆದು, ಎರಡು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು, ಈಗ ಸರಿಯಾಗಿ ಕೇಳಿ ಎಂದು ಮತ್ತೆ ಹೇಳಿದೆ. ಆಮೇಲೂ ನಾಲ್ಕು ಜನ ಸೇರಿದ ಎಷ್ಟೋ ಕಡೆ ಹೇಳಿದ್ದೇನೆ. ಕಮ್ಮಾರ ಎಷ್ಟು ದಿನ ಅಡಗಿದನೆಂಬ ಲೆಕ್ಕ ಪ್ರತಿ ಸಲ ತಪ್ಪುತ್ತದೆ, ತಪ್ಪಲಿ. ಕತೆ ಆ ಮನೆಯ ಮುಂದೆ ಬಂದಾಗ ಮಾತ್ರ ನಿಲ್ಲುತ್ತೇನೆ. ಮೊದಲು ಅವಳ ಹೆಸರು ಹೇಳುತ್ತೇನೆ. ಆಮೇಲೆ ಬಾಗಿಲು ತೆರೆಯುತ್ತದೆ, ಹಾಲು ಕಾಯುತ್ತದೆ, ಕುದುರೆಗಳು ಬರುತ್ತವೆ.